ಆರನೆಯ ಚೌಕ

ಭಾಸ್ಕರ ಸರ್ ಚಾರ್ಟಿನ ಸುರುಳಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಬಸ್ಸು ಮಂಕಿ ದಾಟಿ ಭಟ್ಕಳದ ಕಡೆಗೆ ಓಡುತ್ತಿತ್ತು. ರಸ್ತೆಯ ಹೊಂಡ ಬಂದಾಗಲೆಲ್ಲ ಸುರುಳಿಯ ತುದಿ ಅವರ ಗಲ್ಲಕ್ಕೆ ತಾಗುತ್ತಿತ್ತು. ಅವರು ಮೊಬೈಲಿನಿಂದ ಕಣ್ಣೆತ್ತದೆ, ನೊಣ ಓಡಿಸುವವರ ಹಾಗೆ, ಅದನ್ನು ಬೆರಳ ತುದಿಯಿಂದ ಆಚೆ ನೂಕುತ್ತಿದ್ದರು. ನಡುದಾರಿಯ ಈಚೆಯ ಸೀಟಿನಲ್ಲಿ ಕೂತ ಸುಚಿತಾಳ ಕಣ್ಣು ಆ ಬೆರಳನ್ನು ಬಿಟ್ಟು ಕದಲಲಿಲ್ಲ. ಎದ್ದು ಹೋಗಿ ಅದನ್ನು ಹಿಡಿದು ಹಿಂದಕ್ಕೆ ಮಡಚಬೇಕು, ಸದ್ದು ಬರುವವರೆಗೆ ಮಡಚಬೇಕು ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳೇ ಹೆದರಿ, ಕಿಟಕಿಯ ಕಡೆ ತಿರುಗಿ, ಮತ್ತೆ ಅದನ್ನೇ ನೋಡಿದಳು. ಸುರುಳಿಯ ಒಳಗೆ ಆರು ಚೌಕಗಳಿದ್ದವು. ಆರನ್ನೂ ಅವಳು ಬರೆದಿದ್ದಳು, ಬಾಡದ ಮನೆಯ ಹಿಂದಿನ ಜಗಲಿಯಲ್ಲಿ ಕೂತು, ಮೂರು ಭಾನುವಾರ, ಕಪ್ಪು ಪೆನ್ನಿನ ಶಾಯಿ ಬೆರಳಿಗೆ ಹತ್ತಿ ಸೋಮವಾರದ ಊಟದಲ್ಲೂ ಹೋಗದ ಹಾಗೆ. ಈಗ ಕೆಳಗೆ ದೊಡ್ಡ ಅಕ್ಷರದಲ್ಲಿ, ಹೊನ್ನಾವರದ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದ ಸಾಲು: ರಚನೆ, ಭಾಸ್ಕರ ಕೆ., ವಿಜ್ಞಾನ ಶಿಕ್ಷಕರು. ಅವಳು ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಬರೆದಿದ್ದ 'ಸು' ಎಂಬ ಅಕ್ಷರದ ಮೇಲೆ ವೈಟ್ನರ್ ಹಚ್ಚಿ ಝೆರಾಕ್ಸ್ ಮಾಡಿಸಿದ್ದರು. ಹಚ್ಚಿದ ಜಾಗ ಸ್ವಲ್ಪ ಉಬ್ಬಿ, ಪ್ರತಿಯಲ್ಲಿ ಒಂದು ಬೂದು ಕಲೆ ಬಂದಿತ್ತು. ಕಳ್ಳತನವನ್ನಾದರೂ ಶುದ್ಧವಾಗಿ ಮಾಡಬಾರದೇ, ಎಂದು ಅವಳು ಆ ದಿನ ಡೈರಿಯಲ್ಲಿ ಬರೆದಳು. ಬಾಯಲ್ಲಿ ಅಂದದ್ದು, "ಪರವಾಗಿಲ್ಲ ಸರ್."

ಅವಳ ಡೈರಿಯ ತುಂಬ ಇಂಥ ಉತ್ತರಗಳೇ. ಸ್ಟಾಫ್ ರೂಮಿನಲ್ಲಿ ಕೊಡಬೇಕಾಗಿದ್ದ, ಕೊಡದೆ ಉಳಿದ ಉತ್ತರಗಳು, ತಾರೀಕಿನೊಂದಿಗೆ. ಅವಳು ಅತಿಥಿ ಶಿಕ್ಷಕಿ. ಜೂನಿನಲ್ಲಿ ಕರೆದು ಮಾರ್ಚಿನಲ್ಲಿ ಕಳಿಸುವ ಅತಿಥಿ. ಭಾಸ್ಕರ ಸರ್ ಹದಿನೇಳು ವರ್ಷದಿಂದ ಪರ್ಮನೆಂಟು. "ಎಂತ ಮಾರಾಯ್ರೆ ಮೇಡಂ, ಇದರಲ್ಲಿ ನಿಮ್ಮದು ನನ್ನದು ಅಂತ ಉಂಟಾ? ಶಾಲೆ ಹೆಸರು ಬರ್ತದೆ, ಅಷ್ಟು ಸಾಕು," ಎಂದಿದ್ದರು ಅವರು, ಚಹಾದ ಲೋಟ ಅವಳ ಕಡೆಗೇ ಸರಿಸುತ್ತ, ತೊಳೆದಿಡಲಿ ಎಂದು. ಅವಳು ತೊಳೆದಿಟ್ಟಳು. ತೊಳೆಯುವಾಗ ಲೋಟ ನಲ್ಲಿಗೆ ಬಡಿದು ಅಂಚು ಒಡೆಯಿತು. ಅದಕ್ಕೂ ಅವಳೇ "ಸಾರಿ ಸರ್" ಅಂದಳು.

ಆದರೆ ಸಿಟ್ಟು ಬರೀ ಹೆಸರಿನದ್ದಾಗಿದ್ದರೆ ಅದನ್ನು ಹೊತ್ತುಕೊಂಡು ಇರಬಹುದಿತ್ತು. ಅವಳ ಜೀವವನ್ನು ಕೊರೆಯುತ್ತಿದ್ದದ್ದು ಬೇರೆ. ಒಂಬತ್ತನೇ ತರಗತಿಯ ಪ್ರಣಿತಾ ಎಂಟು ದಿನದಿಂದ ಶಾಲೆಗೆ ಬಂದಿರಲಿಲ್ಲ. ಅದಕ್ಕೆ ಕಾರಣ ಆ ಸುರುಳಿಯ ಆರನೆಯ ಚೌಕ ಎಂಬುದು ಸುಚಿತಾಳಿಗೆ ಗೊತ್ತಿತ್ತು, ಭಾಸ್ಕರ ಸರ್‌ಗೂ ಗೊತ್ತಿತ್ತು. ಇವತ್ತು ಭಟ್ಕಳದ ಕಾರ್ಯಾಗಾರದಲ್ಲಿ ಮೂರು ತಾಲೂಕಿನ ವಿಜ್ಞಾನ ಶಿಕ್ಷಕರ ಎದುರು ಅದನ್ನು ತೂಗುಹಾಕಿದರೆ, ಮೆಚ್ಚಿಕೆಯಾದರೆ, ಪ್ರಿಂಟಾಗಿ ಎಲ್ಲ ಹೈಸ್ಕೂಲಿಗೂ ಹೋಗುತ್ತದೆ. ಆಮೇಲೆ ಆ ಹುಡುಗಿ ಯಾವ ಶಾಲೆಯ ಗೇಟನ್ನೂ ಹಾಯುವುದಿಲ್ಲ.

ಶುರುವಾದದ್ದು ಒಳ್ಳೆಯದರಿಂದಲೇ. ಅಕ್ಟೋಬರಿನ ಒಂದು ಮಧ್ಯಾಹ್ನ, ಊಟದ ನಂತರದ ಪಿರಿಯಡ್ಡು, ಅಭಿಸರಣೆಯ ಪಾಠ, ಕೋಶದ ನೀರು ಪೊರೆ ದಾಟಿ ಉಪ್ಪಿನ ಕಡೆ ಹೋಗುವುದು. ಪುಸ್ತಕದಲ್ಲಿ ಒಣದ್ರಾಕ್ಷಿ ಇತ್ತು, ಸಿಪ್ಪೆ ತೆಗೆದ ಮೊಟ್ಟೆ ಇತ್ತು, ಬೀಕರಿನಲ್ಲಿ ಉಪ್ಪಿನ ದ್ರಾವಣ ಇತ್ತು. ನಲವತ್ತೆರಡು ಮುಖಗಳು ಒಲೆಯ ಮೇಲಿಂದ ಇಳಿಸಿ ಮರೆತ ಪಾತ್ರೆಗಳ ಹಾಗೆ ಅವಳ ಎದುರು ತಣ್ಣಗಾಗುತ್ತಿದ್ದವು. ಏನು ತೋಚಿತೋ, ಅವಳು ತಿರುಗಿ ಬೋರ್ಡಿನ ಮೇಲೆ ಒಂದು ಬಂಗಡೆ ಮೀನು ಬರೆದಳು. ಕಣ್ಣು ಬಿಡಿಸಿದಳು. ಬಾಯಿಯ ಹತ್ತಿರ ಗುಳ್ಳೆ ಎಳೆದು ಒಳಗೆ, 'ಅಯ್ಯೋ, ನನ್ನ ಮೈಯ ನೀರೆಲ್ಲ ಎಲ್ಲಿಗೆ ಹೊರಟಿತು?' ಎಂದು ಬರೆದಳು. ಹಿಂದಿನ ಬೆಂಚಿನಿಂದ ಯಾರೋ, "ಉಪ್ಪಿಗೆ, ಟೀಚರ್," ಅಂದರು. ಅದುವರೆಗೂ ಒಂದು ಮಾತೂ ಆಡದವರು ಅಂದರು. ಆ ವಾರವಿಡೀ ಅವಳು ಮಾತು ಮರೆತು ಬರೆದಳು. ಎದುರು ನಿಂತು ಮಾತಾಡಲು ಹಿಂಜರಿಯುವ ಅವಳಿಗೆ ಮೀನು, ಉಪ್ಪು, ಗುಳ್ಳೆ ಸಿಕ್ಕಿದ್ದವು. ಮಕ್ಕಳಿಗೆ ಗುಳ್ಳೆಯ ಒಳಗಿನ ಮಾತು ತಮ್ಮದೇ ಅನ್ನಿಸಿತು. ಕೋಶ, ಪೊರೆ, ಒಳಗಿನ ಸಾರತೆ, ಹೊರಗಿನ ಸಾರತೆ, ಎಲ್ಲವನ್ನೂ ಅವರು ಬಂಗಡೆಯ ಬಾಯಿಂದ ಕೇಳಿ ತಮ್ಮ ಬಾಯಿಂದ ಹೇಳಿದರು. ಕಿರುಪರೀಕ್ಷೆಯಲ್ಲಿ ಅಭಿಸರಣೆಯ ಪ್ರಶ್ನೆಗೆ ಖಾಲಿ ಬಿಟ್ಟವರು ಮೂವರೇ. ಅವಳು ಆ ರಾತ್ರಿ ಡೈರಿಯಲ್ಲಿ ಏನೂ ಬರೆಯಲಿಲ್ಲ. ಖುಷಿಗೆ ಉತ್ತರ ಕೊಡುವ ಅಗತ್ಯ ಇರಲಿಲ್ಲ.

ಆಮೇಲೆ ಅದನ್ನು ಕಾಗದದ ಮೇಲೆ ಸರಿಯಾದ ಚಿತ್ರಕಥೆ ಮಾಡಲು ಕೂತಾಗ, ಮೀನಿಗೆ ಉಪ್ಪು ಹಾಕುವವಳು ಒಬ್ಬಳು ಬೇಕಾದಳು. ಪೆನ್ಸಿಲು ತನ್ನಷ್ಟಕ್ಕೆ ತಿಮ್ಮಕ್ಕನ ಮುಖ ಬರೆಯಿತು. ತಿಮ್ಮಕ್ಕ ಅವಳ ಅಜ್ಜಿ. ಎರಡು ವರ್ಷದ ಹಿಂದೆ ಸಾಯುವ ತನಕ ಬಾಡದ ದಂಡೆಯಲ್ಲಿ ಮೀನು ಉಪ್ಪು ಹಾಕಿ, ಒಣಗಿಸಿ, ಬುಟ್ಟಿ ಹೊತ್ತು ಕುಮಟೆಯ ಪೇಟೆಗೆ ಹೋಗಿ ಮಾರಿದವಳು. ಸುಚಿತಾ ಆ ಮುಖವನ್ನು ನೋಡಿದಳು. ಹೊನ್ನಾವರದ ಶಾಲೆಯಲ್ಲಿ ಅವಳು ಯಾರ ಮನೆಯವಳು ಎಂದು ಯಾರೂ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ರಬ್ಬರು ತೆಗೆದು ಅಜ್ಜಿಯ ಮುಖ ಉಜ್ಜಿದಳು. ಆ ಜಾಗಕ್ಕೆ, ಪಾಲಕರ ಸಭೆಗೆ ಬಂದು ಕೊನೆಯ ಸಾಲಿನಲ್ಲಿ ನಿಂತೇ ಇದ್ದ ಒಬ್ಬ ಹೆಂಗಸಿನ ಮುಖ ತಂದು ಕೂರಿಸಿದಳು. ತಲೆಗೆ ಸುತ್ತಿದ ಟವೆಲ್ಲು, ಎರಡೂ ಕಡೆ ಮೂಗುಬೊಟ್ಟು, ಮುಂದಿನ ಒಂದು ಹಲ್ಲಿಲ್ಲದ ನಗು. ಲಕ್ಕಿ, ಪ್ರಣಿತಾಳ ತಾಯಿ. ಹಲ್ಲು ಸಹ ಬಿಡಲಿಲ್ಲ ಅವಳು. ಚಿತ್ರಕ್ಕೆ ಜೀವ ಬರುವುದು ಅಂಥದರಿಂದಲೇ ಎಂದು ತನಗೆ ತಾನೇ ಹೇಳಿಕೊಂಡಳು.

ಐದು ಚೌಕ ವಿಜ್ಞಾನ. ಆರನೆಯದಕ್ಕೆ ಅವಳು ನಗು ಹುಡುಕಿದಳು. ದೂರ ಹುಡುಕಬೇಕಾಗಿರಲಿಲ್ಲ. ಕುಮಟೆಯ ಕಾಲೇಜಿಗೆ ಹೋಗುತ್ತಿದ್ದ ದಿನಗಳ ಬಸ್ಸು, ಅವಳನ್ನೂ ಸೇರಿ ಗೆಳತಿಯರು ನಾಲ್ವರು, ಮಧ್ಯದ ಸ್ಟಾಪಿನಲ್ಲಿ ಒಣಮೀನಿನ ಬುಟ್ಟಿಯೊಂದಿಗೆ ಹತ್ತಿದ ತಿಮ್ಮಕ್ಕ. ಪಕ್ಕದವಳು ಕರ್ಚೀಫು ತೆಗೆದು ಮೂಗಿಗೆ ಒತ್ತಿ, "ಇನ್ನು ಕುಮಟೆ ಬರೂವರೆಗೆ ಉಸಿರಾಡೂದು ಬಂದ್," ಅಂದಳು. ನಾಲ್ವರೂ ನಕ್ಕರು. ನಾಲ್ವರೂ. ತಿಮ್ಮಕ್ಕ ಮೊಮ್ಮಗಳನ್ನು ನೋಡಿದಳು, ಬಾಯಿ ತೆರೆದಳು, ಆಮೇಲೆ ಏನು ಅಂದಾಜಾಯಿತೋ, ಬುಟ್ಟಿಯನ್ನು ಡ್ರೈವರಿನ ಹಿಂದೆ ಇಟ್ಟು ಅದರ ಪಕ್ಕ ಕೂತು, ಕುಮಟೆಯಲ್ಲಿ ಇಳಿದು ಹೋದಳು, ಪರಿಚಯವಿಲ್ಲದವಳ ಹಾಗೆ. ಮನೆಯಲ್ಲಿ ಆ ರಾತ್ರಿಯೂ, ಮುಂದೆ ಯಾವ ರಾತ್ರಿಯೂ ಅದರ ಸುದ್ದಿ ತೆಗೆಯಲಿಲ್ಲ. ಅದೇ ಬಸ್ಸನ್ನು ಅವಳು ಆರನೆಯ ಚೌಕದಲ್ಲಿ ಬರೆದಳು. ಬುಟ್ಟಿ ಹೊತ್ತು ಬಸ್ಸು ಹತ್ತುವ ಲಕ್ಕಿ. ಮೂಗು ಮುಚ್ಚಿಕೊಂಡ ಕಂಡಕ್ಟರು, ಮೂಗು ಮುಚ್ಚಿಕೊಂಡ ಹುಡುಗಿಯರು, ಮೂಗು ಮುಚ್ಚಿಕೊಂಡ ಒಂದು ನಾಯಿ. ಬುಟ್ಟಿಯೊಳಗಿಂದ ಬಂಗಡೆ ಹೇಳುತ್ತದೆ: 'ನನ್ನದು ನೀರು ಹೋಯ್ತು, ಇವರದು ಉಸಿರು ಹೋಯ್ತು!' ಬರೆದು ಮುಗಿಸಿ ಅವಳು ಒಬ್ಬಳೇ ಜಗಲಿಯಲ್ಲಿ ನಕ್ಕಳು. ನಗು ಗೋಡೆಗೆ ಬಡಿದು ವಾಪಸು ಬಂದಾಗ ಅದು ಆ ಬಸ್ಸಿನ ನಗುವೇ ಆಗಿತ್ತು.

ಚಾರ್ಟು ತೂಗುಹಾಕಿದ ದಿನ ತರಗತಿಗೆ ಗೋಡೆ ಹಾರುವಷ್ಟು ನಗು ಬಂತು. ಮೊದಲ ಕ್ಷಣ ಬರೀ ನಗು. ಎರಡನೆಯ ಕ್ಷಣ ಯಾರೋ ಗುರುತು ಹಿಡಿದರು. "ಏ, ಇದು ಪ್ರಣಿತನ ಆಯಿ ಅಲ್ದಾ?" ಸಂಜೆಯ ಹೊತ್ತಿಗೆ ಹುಡುಗಿಗೆ ಹೆಸರು ಬಿದ್ದಾಗಿತ್ತು: ಅಭಿಸರಣೆ. "ಅಭಿಸರಣೆ ಬಂತು, ಕಿಟಕಿ ತೆಗೀರಿ." "ಅಭಿಸರಣೆ, ಆಚೆ ಕೂತ್ಕೋ, ನಮ್ಮ ನೀರು ಹೋತದೆ." ಎರಡು ವಾರ ಅವಳು ಕೇಳಿಸದ ಹಾಗೆ ಇದ್ದಳು. ಆಮೇಲೆ ಬೆಂಚು ಖಾಲಿ. ಸುಚಿತಾ ಭಾಸ್ಕರ ಸರ್ ಹತ್ತಿರ ಹೋಗಿ, ಆರನೆಯ ಚೌಕವನ್ನಾದರೂ ತೆಗೆಯೋಣ ಸರ್, ಎಂದು ಹೇಳಿದಳು. ಪೂರಾ ಹೇಳಲಿಲ್ಲ, ನೆಲ ನೋಡುತ್ತ ಅರ್ಧ ಹೇಳಿದಳು. "ಅದನ್ನೇ ತೆಗೆದ್ರೆ ಇನ್ನೆಂತ ಉಳೀತದೆ?" ಎಂದರು ಅವರು. "ಜನ ನಗೂದೇ ಅಲ್ಲಿ. ಆ ಮೀನು ಕೇರಿಯ ಮಕ್ಕಳು ಡಿಸೆಂಬರಲ್ಲಿ ಹೀಗೇ ಮೇಡಂ, ಕೆಲಸಕ್ಕೆ ಹೋಗ್ತಾವೆ, ಬರ್ತಾವೆ. ನೀವು ತಲೆಗೆ ಹಚ್ಚಿಕೊಳ್ಳಬೇಡಿ." ಆ ಮೀನು ಕೇರಿಯ ಮಕ್ಕಳು. ಅವಳು ತಲೆಯಾಡಿಸಿದಳು. ಹೌದು ಎನ್ನುವ ಹಾಗೆ ಆಡಿಸಿದಳು.

ಭಟ್ಕಳದಲ್ಲಿ ಒಂದು ಶಾಲೆಯ ದೊಡ್ಡ ಹಾಲ್. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಎದುರು ಮೇಜು, ಮೇಜಿನ ಹಿಂದೆ ಕಾರ್ಯಾಗಾರದ ಸಾಹೇಬರು. ಭಾಸ್ಕರ ಸರ್ ಚಾರ್ಟು ಬಿಡಿಸಿ, ಪಿನ್ನು ಹಿಡಿದುಕೊಳ್ಳಲು ಅವಳ ಕೈಗೆ ಕೊಟ್ಟರು. ಅವಳು ನಾಲ್ಕು ಪಿನ್ನು ಹಿಡಿದುಕೊಂಡು ನಿಂತಳು, ತನ್ನ ಚಿತ್ರವನ್ನು ತಾನೇ ಗೋಡೆಗೆ ಚುಚ್ಚಿದಳು, ಬಂದು ಕೂತಳು. ಅವರು ಚೆನ್ನಾಗಿ ಮಾತಾಡಿದರು. ಅದೇ ಸಂಕಟ. "ನನಗೆ ಅನ್ನಿಸಿದ್ದು ಎಂತ ಅಂದ್ರೆ," ಎಂದು ಶುರುಮಾಡಿ ಅವಳಿಗೆ ಅನ್ನಿಸಿದ್ದನ್ನೆಲ್ಲ ಹೇಳಿದರು. ಬೋರ್ಡಿನ ಮೇಲೆ ತಟ್ಟನೆ ಬರೆದ ಬಂಗಡೆಯನ್ನು, ಹಿಂದಿನ ಬೆಂಚಿನಿಂದ ಬಂದ 'ಉಪ್ಪಿಗೆ, ಟೀಚರ್' ಎಂಬ ಉತ್ತರವನ್ನು, ಟೀಚರ್ ಇದ್ದಲ್ಲಿ ಸರ್ ಮಾಡಿ ಹೇಳಿದರು. ಪಕ್ಕದಲ್ಲಿ ಕೂತ ಹೆಬಳೆ ಕಡೆಯ ಶಿಕ್ಷಕಿ ಸುಪ್ರಿಯಾ ಅವಳ ಕಿವಿಯ ಹತ್ತಿರ ಬಗ್ಗಿದಳು. "ಎಂತ ಚಂದ ಬರೆದಿದ್ದಾರೆ ಮಾರಾಯ್ತಿ ನಿಮ್ಮ ಸರ್. ನಮ್ಮಲ್ಲಿ ಮಕ್ಕಳು ಮನೇಲಿ ನವಾಯತಿ ಮಾತಾಡೂದು, ಪುಸ್ತಕದ ಕನ್ನಡ ತಲೆಗೇ ಇಳಿಯೂದಿಲ್ಲ. ಇಂಥದ್ದು ಇದ್ರೆ ಕಣ್ಣಲ್ಲೇ ಅರ್ಥ ಆಗ್ತದೆ." ಅದು ನಿಜ ಎಂದು ಸುಚಿತಾಳಿಗೆ ಗೊತ್ತಿತ್ತು. ನಿಜವಾದ್ದರಿಂದಲೇ ಮೈ ಉರಿಯಿತು. ಕೆಟ್ಟ ಚಿತ್ರವಾಗಿದ್ದರೆ ಕದ್ದವನ ಹಣೆಗೆ ಅಂಟಿಸಿ ಸುಮ್ಮನಿರಬಹುದಿತ್ತು.

ಆರನೆಯ ಚೌಕ ಬಂತು. ಭಾಸ್ಕರ ಸರ್ ಸ್ವಲ್ಪ ತಡೆದು, ಬೆರಳಿಟ್ಟು, ಬಂಗಡೆಯ ಸ್ವರದಲ್ಲಿ ಓದಿದರು. ಇಡೀ ಹಾಲ್ ನಕ್ಕಿತು. ಹಿಂದಿನ ಸಾಲಿನ ಒಬ್ಬರು ಮೂಗು ಹಿಡಿದು ತೋರಿಸಿ ಮತ್ತೊಮ್ಮೆ ನಗಿಸಿದರು. ಸಾಹೇಬರೂ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿ, "ಇದನ್ನ ಪ್ರಿಂಟ್ ಮಾಡಿ ಮೂರೂ ತಾಲೂಕಿಗೆ ಕಳಿಸುವಾ. ಯಾರದಾದ್ರೂ ಏನಾದ್ರೂ ಸಲಹೆ?" ಎಂದರು. ಯಾರದೂ ಇರಲಿಲ್ಲ. ನಲವತ್ತು ವಿಜ್ಞಾನ ಶಿಕ್ಷಕರು, ಒಂದು ಚಿತ್ರ, ಒಂದು ಸಲಹೆ ಇಲ್ಲ.

ಸುಚಿತಾ ಎದ್ದು ನಿಂತಿದ್ದಳು. ಯಾವಾಗ ಎದ್ದದ್ದು ಎಂದು ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಜಾರಿದ ಸದ್ದು ಕೇಳಿ ತಾನು ನಿಂತಿದ್ದೇನೆ ಎಂದು ತಿಳಿಯಿತು. "ಸರ್, ಅದು ನಾನು ಬರೆದದ್ದು."

"ಹಾಂ? ಎಂತ ಹೇಳಿದ್ರಿ?"

"ಆ ಚಿತ್ರ. ಆರು ಚೌಕವೂ ನಾನೇ ಬರೆದದ್ದು." ಸ್ವರ ಬೇರೆ ಯಾರದ್ದೋ ಹಾಗೆ ತೆಳ್ಳಗೆ ಬರುತ್ತಿತ್ತು. "ಆರನೇದನ್ನ ಕಳಿಸಬೇಡಿ. ಅದರಲ್ಲಿ ಇರುವವಳು ನಮ್ಮ ಶಾಲೆಯ ಹುಡುಗಿಯ ತಾಯಿ. ಎಲ್ಲರೂ ತಮಾಷೆ ಮಾಡಿ ಆ ಹುಡುಗಿ ಎಂಟು ದಿನದಿಂದ ಶಾಲೆಗೆ ಬರ್ಲಿಲ್ಲ. ಅದು ನನ್ನ ತಪ್ಪು."

ಅವಳು ಭಾಸ್ಕರ ಸರ್ ಮುಖ ನೋಡಿದಳು. ಅದು ಬಿಳಿಚಲಿಲ್ಲ, ಕೆಂಪಾಗಲಿಲ್ಲ, ಒಂದು ನಗು ಮೆಲ್ಲಗೆ ಬಂದು ಕೂತಿತು. "ಹೌದು ಸರ್," ಎಂದರು ಅವರು, "ಚಿತ್ರ ಎಲ್ಲ ಮೇಡಮ್ಮಂದೇ. ನಾನು ಅವತ್ತೇ ಹೇಳಿದ್ದೆ, ಒಬ್ಬರ ಮುಖ ಹಾಗೇ ಇಳಿಸಬೇಡಿ, ನಾಳೆ ಯಾರಾದ್ರೂ ಬಂದು ಕೇಳಿದ್ರೆ ಕಷ್ಟ ಅಂತ. ಎಂತ ಮಾಡೂದು, ಹೊಸಬರು, ಹುಮ್ಮಸ್ಸು." ಅಷ್ಟೇ. ಇಷ್ಟು ದಿನ ಅವಳಿಂದ ಕಿತ್ತುಕೊಂಡಿದ್ದ ಹೆಸರನ್ನು ಒಂದೇ ಉಸಿರಿನಲ್ಲಿ ವಾಪಸು ಕೊಟ್ಟರು, ಕೊಳಕಾಗಿದೆ ಎಂದು ತಿಳಿದ ಕೂಡಲೇ. ಸಾಹೇಬರು ಗಡಿಯಾರ ನೋಡಿದರು. "ಅಷ್ಟೇ ಅಲ್ವಾ? ಅದಕ್ಕೆ ಇಷ್ಟು ಬೇಜಾರು ಯಾಕೆ ಮೇಡಂ? ಆರನೇದು ತೆಗೆದು ಐದೇ ಹಾಕುವಾ. ಆ ಹೆಂಗಸಿಗೆ ಒಂದು ಕನ್ನಡಕ ಬರೆದುಬಿಡಿ, ಗುರ್ತು ಸಿಗೂದಿಲ್ಲ." ಮತ್ತೆ ನಗು. ಈ ಸಲ ಮೆತ್ತಗಿನ, ಸಮಾಧಾನದ ನಗು.

ಲಕ್ಕಿಗೆ ಕನ್ನಡಕ. ಸುಚಿತಾ ಗೋಡೆಯ ಹತ್ತಿರ ನಡೆದಳು. ಒಂದೊಂದೇ ಪಿನ್ನು ಕಿತ್ತಳು. ಮೂರನೆಯದು ಬೆರಳಿಗೆ ಚುಚ್ಚಿತು. ರಕ್ತ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಚಾರ್ಟು ಸುರುಳಿಯಾಗಿ ತಾನೇ ಅವಳ ತೋಳಿಗೆ ಬಿತ್ತು. ನಾಲ್ಕೂ ಪಿನ್ನುಗಳನ್ನು ಭಾಸ್ಕರ ಸರ್ ಎದುರು ಹಿಡಿದಳು, ಅವರು ತಿಳಿಯದೆ ಅಂಗೈ ಒಡ್ಡಿದರು, ಅವಳು ಅದರೊಳಗೆ ಹಾಕಿದಳು. "ಮೇಡಂ, ಊಟ ಮಾಡ್ಕೊಂಡು ಹೋಗೂದಲ್ವಾ?" ಎಂದರು ಯಾರೋ. ಬಾಗಿಲ ಹತ್ತಿರ ಬಂದಾಗ ಸುಪ್ರಿಯಾಳ ಕೈಯಲ್ಲಿ ಮೊಬೈಲು ಬೆಳಗುತ್ತಿತ್ತು. ತೆರೆಯ ಮೇಲೆ ಆರನೆಯ ಚೌಕ. ಪಕ್ಕದವರ ಕೈಯಲ್ಲೂ ಅದೇ. ಎಲ್ಲರೂ ಮೊದಲೇ ಫೋಟೋ ಹೊಡೆದು ಗ್ರೂಪುಗಳಿಗೆ ಹಾಕಿ ಆಗಿತ್ತು. ಸುಪ್ರಿಯಾ ಮುಖ ಸಣ್ಣದು ಮಾಡಿ, "ನಾನು ಡಿಲೀಟ್ ಮಾಡ್ತೆ," ಅಂದಳು. ಸುಚಿತಾ ಮೆಟ್ಟಿಲಿಳಿದಳು. ತೋಳಿನಲ್ಲಿದ್ದ ಚಾರ್ಟು ಈಗ ಯಾರಿಗೂ ಬೇಡದ ಒಂದು ಕಾಗದ.

ವಾಪಸು ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ಶಿರಾಲಿ ಹೋಯಿತು, ಮುರ್ಡೇಶ್ವರದ ಕ್ರಾಸು ಹೋಯಿತು. ಹೊನ್ನಾವರದ ಹೊಳೆಯ ಸೇತುವೆಗಿಂತ ಒಂದು ಸ್ಟಾಪು ಮೊದಲೇ ಇಳಿದಳು. ಫೋಟೋ ಸಂಜೆಯೊಳಗೆ ಯಾರದೋ ಮೊಬೈಲಿನಿಂದ ಲಕ್ಕಿಯ ಕೇರಿಗೆ ಬಂದೇ ಬರುತ್ತದೆ. ಬರುವ ಮೊದಲು ತಾನು ಬಂದು ಹೇಳಬೇಕು. ಏನು ಹೇಳುವುದು ಎಂದು ಡೈರಿಯ ಭಾಷೆಯಲ್ಲಿ ಸಾಲುಗಳನ್ನು ಜೋಡಿಸಿಕೊಂಡಳು. ತೆಂಗಿನ ತೋಟದ ಆಚೆ ಮರಳ ಬಯಲು ಬಂತು. ಹೊಯಿಗೆಯ ಮೇಲೆ ಬಲೆ ಹಾಸಿ ಮೀನು ಹರಡಿದ್ದರು, ಕಣ್ಣು ಹಾಯುವವರೆಗೆ, ಬೆಳ್ಳಿಯ ಬಣ್ಣ ಹೋಗಿ ಸೀಸದ ಬಣ್ಣ ಬಂದದ್ದು. ಮೂರು ಗಂಟೆಯ ಬಿಸಿಲು, ಕಡಲಿನಿಂದ ಏರು ಗಾಳಿ. ಅವಳು ಸೆರಗು ಎಳೆದುಕೊಂಡು, ಬಲೆಗಳ ನಡುವಿನ ಕಾಲುದಾರಿಯಲ್ಲಿ ನಡೆದಳು. ಸಿಮೆಂಟಿನ ತೊಟ್ಟಿಯ ಪಕ್ಕ ಮಣೆಯ ಮೇಲೆ ಕೂತು ಲಕ್ಕಿ ಬಂಗಡೆ ಸೀಳುತ್ತಿದ್ದಳು. ಸ್ವಲ್ಪ ದೂರದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಪ್ರಣಿತಾ ನಿಂತಿದ್ದಳು. ಟೀಚರನ್ನು ನೋಡಿದಳು, ಬೆನ್ನು ತಿರುಗಿಸಲಿಲ್ಲ, ಹತ್ತಿರವೂ ಬರಲಿಲ್ಲ.

"ಎಂತಕ್ಕೆ ಬಂದ್ರಿ ಅಕ್ಕೋರೆ?" ಲಕ್ಕಿ ಕತ್ತಿ ನಿಲ್ಲಿಸಲಿಲ್ಲ. "ಹಾಜರಿ ಕಡಿಮೆ ಆತು ಅಂತ್ಲಾ? ಅವಳು ಬರೂದಿಲ್ಲ."

"ಆ ಚಿತ್ರ ಬರೆದದ್ದು ನಾನು," ಎಂದಳು ಸುಚಿತಾ. ಜೋಡಿಸಿಕೊಂಡ ಸಾಲುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಗೊತ್ತದೆ. ಮಕ್ಕಳು ಹೇಳಿದ್ರು. ಆ ಮಾಸ್ತರನ್ನ ಪೇಟೇಲಿ ಕೇಳ್ದೆ, ಎಂತ ಇದು ಅಂತ. ನಂಗೆ ಸಂಬಂಧ ಇಲ್ಲ, ಅಕ್ಕೋರನ್ನ ಕೇಳು ಅಂದ್ರು." ಲಕ್ಕಿ ಒಂದು ಮೀನಿನ ಕರುಳು ಬೆರಳಿನಿಂದ ಎಳೆದು ಬದಿಗೆ ಎಸೆದಳು. "ಕೈಯಲ್ಲಿ ಇರೂದು ಅದೇಯಾ? ಬಿಚ್ಚಿ ಕಾಂಬ. ನಾ ಇನ್ನೂ ನೋಡ್ಲಿಲ್ಲ."

ಬಿಚ್ಚದೆ ಇರುವ ದಾರಿ ಇರಲಿಲ್ಲ. ಸುಚಿತಾ ಹೊಯಿಗೆಯ ಮೇಲೆ ಚಾರ್ಟು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. ಲಕ್ಕಿ ಕೈ ಒರೆಸಿಕೊಂಡು, ಬಗ್ಗಿ, ಮೊದಲ ಚೌಕದಿಂದ ನೋಡುತ್ತ ಬಂದಳು. ತನ್ನ ಟವೆಲ್ಲನ್ನು ನೋಡಿದಳು, ಮೂಗುಬೊಟ್ಟು ನೋಡಿದಳು, ಹಲ್ಲಿಲ್ಲದ ಜಾಗ ನೋಡಿದಳು. ಸುಚಿತಾ ಆರನೆಯದಕ್ಕಾಗಿ ಕಾದಳು, ಕೆನ್ನೆಗೆ ಏಟು ಬೀಳುವುದನ್ನು ಕಾಯುವವಳ ಹಾಗೆ. ಆದರೆ ಲಕ್ಕಿಯ ಬೆರಳು ಮೂರನೆಯ ಚೌಕದಲ್ಲೇ ನಿಂತಿತು. ಅಲ್ಲಿ ಅವಳು ತೊಟ್ಟಿಯೊಳಗಿನ ಮೀನಿಗೆ ಉಪ್ಪು ಎರಚಿ, ಕೊಡದಿಂದ ನೀರು ಹೊಯ್ಯುತ್ತಿದ್ದಳು.

"ಇದೆಂತ? ನೀರು ಹೊಯ್ಯೂದು ಯಾರು?"

"ಉಪ್ಪಿನ ದ್ರಾವಣ..." ಎಂದಳು ಸುಚಿತಾ.

"ಉಪ್ಪಿನ ಮೀನಿಗೆ ನೀರು ಹಾಕ್ತ್ರಾ ಯಾರಾದ್ರೂ? ಕೊಳೆತು ಹೋತದೆ. ಇಲ್ಲಿ ನೋಡಿ." ಲಕ್ಕಿ ಅವಳ ಮಣಿಕಟ್ಟು ಹಿಡಿದು ತೊಟ್ಟಿಯ ಹತ್ತಿರ ಎಳೆದಳು. ಒಳಗೆ ಸಾಲಾಗಿ ಒತ್ತಿಟ್ಟ ಬಂಗಡೆ, ಅದರ ಮೇಲೆ ಕಂದು ಬಣ್ಣದ ನೀರು, ಗೇಣುದ್ದ ಏರಿದ್ದು. "ನಿನ್ನೆ ಹಾಕದ್ದು. ಬರೀ ಮೀನು, ಬರೀ ಉಪ್ಪು. ಒಂದು ತಂಬಿಗೆ ನೀರು ಹಾಕ್ಲಿಲ್ಲ. ಇಷ್ಟೂ ಮೀನಿಂದೇ ಹೊರಗೆ ಬಂದದ್ದು. ನೀವು ಕಲಿಸೂದು ಇದನ್ನೇ ಅಲ್ದ? ಮತ್ತೆ ನನ್ನ ಕೈಲಿ ಕೊಡ ಕೊಟ್ಟು ನೀರು ಹೊಯ್ಸಿರೆ ಮಕ್ಕಳಿಗೆ ಎಂತ ಗೊತ್ತಾತದೆ?"

ಸುಚಿತಾ ಆ ನೀರನ್ನು ನೋಡಿದಳು. ಪಾಠದ ಬೀಕರಿನಲ್ಲಿ ನೀರು ಇತ್ತು, ಅದಕ್ಕೆ ತೊಟ್ಟಿಗೂ ನೀರು ಹೊಯ್ದಿದ್ದಳು. ತನ್ನ ಕೈ ಬರೆದದ್ದು ಪುಸ್ತಕದ ಚಿತ್ರವನ್ನು. ನಲವತ್ತು ಶಿಕ್ಷಕರು ಆ ಕೊಡವನ್ನು ನೋಡಿದರು, ಒಬ್ಬರೂ ತಡೆಯಲಿಲ್ಲ. ಆದರೆ ಅವರು ತೊಟ್ಟಿಯ ಪಕ್ಕ ಬೆಳೆದವರಲ್ಲ.

"ಯಾರ ಮನೆ ಹೆಣ್ಣು ನೀನು?" ಲಕ್ಕಿ ಇದ್ದಕ್ಕಿದ್ದಂತೆ ಕೇಳಿದಳು. 'ಅಕ್ಕೋರು' ಹೋಗಿ 'ನೀನು' ಬಂದಿತ್ತು. "ತೊಟ್ಟಿ ಹತ್ರ ನಿಂತ ಕಾಲು ನೋಡಿರೆ ಗೊತ್ತಾತದೆ. ಹೊಸಬರು ಹೀಂಗೆ ನಿಲ್ಲೂದಿಲ್ಲ, ಜಾರ್ತ್ರು."

"ಬಾಡ," ಎಂದಳು ಸುಚಿತಾ. ಆಮೇಲೆ, ತೊಟ್ಟಿಯ ನೀರನ್ನು ನೋಡುತ್ತ, "ತಿಮ್ಮಕ್ಕನ ಮೊಮ್ಮಗಳು."

"ಕುಮಟೆ ಪೇಟೇಲಿ ಕೂರ್ತಿದ್ದ ತಿಮ್ಮಕ್ಕ?" ಲಕ್ಕಿಯ ಮುಖದಲ್ಲಿ ಪರಿಚಯದ ಬೆಳಕು ಬಂದದ್ದು ಬಂದ ಹಾಗೇ ಆರಿತು. "ಹಾಂಗಾದ್ರೆ ನಿಂಗೆ ಗೊತ್ತಿತ್ತು. ನೀರು ಹಾಕೂದಿಲ್ಲ ಅಂತ ಗೊತ್ತಿತ್ತು. ಬಸ್ಸಲ್ಲಿ ಮೂಗು ಮುಚ್ಚಿರೆ ಹೆಂಗೆ ಆತದೆ ಅಂತ್ಲೂ ಗೊತ್ತಿತ್ತು. ಗೊತ್ತಿಲ್ಲದವ್ರು ಬರ್ದಿದ್ರೆ ನಾ ಬಿಡ್ತಿದ್ದೆ." ಅವಳು ಹೋಗಿ ಮಣೆಯ ಮೇಲೆ ಕೂತಳು, ಕತ್ತಿ ತೆಗೆದುಕೊಂಡಳು. ಬೈಗುಳ ಬರಬಹುದು ಎಂದು ಸುಚಿತಾ ಆಸೆಯಿಂದ ಕಾದಳು. ಬರಲಿಲ್ಲ. ಲಕ್ಕಿ ಮುಂದಿನ ಮೀನಿನ ಹೊಟ್ಟೆ ಸೀಳಿದಳು.

ಕಾಗೆಯ ಕೋಲು ಹಿಡಿದುಕೊಂಡೇ ಪ್ರಣಿತಾ ಹತ್ತಿರ ಬಂದಿದ್ದಳು. ಚಾರ್ಟಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. "ನೀರು ಮೀನಿಂದೇ ಬರೂದು ಟೀಚರ್," ಎಂದಳು, ಚಿತ್ರವನ್ನೇ ನೋಡುತ್ತ. "ನಾ ಅವತ್ತೇ ಹೇಳೂಕೆ ಕೈ ಎತ್ತಿದ್ದೆ. ಮೂರನೇ ಚೌಕ ತಪ್ಪು ಅದೆ ಅಂತ. ನೀವು ನೋಡ್ಲಿಲ್ಲ."

"ಯಾವಾಗ?"

"ಎಲ್ಲರೂ ನಗೂವಾಗ. ನೀವೂ ನಗ್ತಿದ್ರಿ."

ಸುಚಿತಾಳಿಗೆ ಆ ದಿನದ ತರಗತಿ ಇಡಿಯಾಗಿ ಕಂಡಿತು. ನಗುವ ಬಾಯಿಗಳು, ಬಡಿಯುವ ಬೆಂಚುಗಳು. ಮೂರನೆಯ ಸಾಲಿನಲ್ಲಿ ಎತ್ತಿದ ಒಂದು ಕೈ ಅದರ ನಡುವೆ ಇತ್ತೋ ಇಲ್ಲವೋ. ಅವಳು ಎಷ್ಟು ಹುಡುಕಿದರೂ ಆ ಕೈ ನೆನಪಿಗೆ ಬರಲಿಲ್ಲ. ನೋಡಿದ್ದರೆ ತಾನೇ ಬರುವುದು.

"ಪೆನ್ನು ಅದೆಯಾ?" ಹುಡುಗಿ ಕೇಳಿದಳು. ಸುಚಿತಾ ಚೀಲದಿಂದ ಕಪ್ಪು ಪೆನ್ನು ತೆಗೆದು ಕೊಟ್ಟಳು. ಮೂರನೆಯ ಚೌಕದ ಕೊಡವನ್ನು ಹೊಡೆದು ಹಾಕುತ್ತಾಳೆ ಎಂದುಕೊಂಡಳು. ಪ್ರಣಿತಾ ಕೊಡವನ್ನು ಮುಟ್ಟಲಿಲ್ಲ. ಆರನೆಯದರ ಕೆಳಗೆ, ಭಾಸ್ಕರ ಸರ್ ಹೆಸರಿನ ಪಕ್ಕ ಉಳಿದ ಬಿಳಿ ಜಾಗದಲ್ಲಿ, ಸ್ಕೇಲಿಲ್ಲದೆ ಸೊಟ್ಟಗೆ ಒಂದು ಚೌಕ ಎಳೆದಳು. ಅವಳಿಗೆ ಚಿತ್ರ ಬರುತ್ತಿರಲಿಲ್ಲ. ಕಡ್ಡಿಯಂಥ ಕೈಕಾಲು, ಗುಂಡನೆಯ ತಲೆ, ಒಂದು ಜಡೆ, ಕಂಕುಳಲ್ಲಿ ಕಾಗದದ ಸುರುಳಿ. ಸುತ್ತ ಮೀನು, ಸಣ್ಣ ಸಣ್ಣ ಗೀಟುಗಳಲ್ಲಿ ಬೇಕಾದಷ್ಟು ಮೀನು. ಕಡ್ಡಿಯ ಹೆಂಗಸಿನ ಒಂದು ಕೈ ಮೇಲಕ್ಕೆ ಹೋಗಿತ್ತು. ಅದರಲ್ಲಿ ಸೆರಗಿನ ತುದಿ. ತುದಿ ಮೂಗಿನ ಮೇಲೆ.

"ಇದು ಎಂತ?" ಸುಚಿತಾಳ ಸ್ವರ ಗಟ್ಟಿಯಾಯಿತು.

"ನೀವು. ಈಗ ಬರೂವಾಗ. ತೋಟದಿಂದ ತೊಟ್ಟಿವರೆಗೆ."

ಮೊದಲು ಬಂದದ್ದು ಸಿಟ್ಟು. ಬೆಳಗಿನಿಂದ ಒಳಗೆ ಸುತ್ತಿಕೊಂಡಿದ್ದ ಅಷ್ಟೂ ಸಿಟ್ಟು ಎದ್ದು, ಆ ಹುಡುಗಿಯ ಎಣ್ಣೆ ಹಚ್ಚಿದ ಬೈತಲೆಯ ಮೇಲೆ ಬೀಳಲು ಹೊರಟಿತು. ಗಾಳಿ ಇತ್ತು, ಸೆರಗು ಹಾರುತ್ತಿತ್ತು, ಹಿಡಿದುಕೊಂಡೆ, ನನಗೆ ಸಂಬಂಧವೇ ಇಲ್ಲ, ಎಂದು ನಾಲಿಗೆಯ ತುದಿಗೆ ಬಂತು. ನನಗೆ ಸಂಬಂಧ ಇಲ್ಲ. ಲಕ್ಕಿಗೆ ಆ ಮಾತನ್ನು ಆಡಿದ್ದ ಬಾಯಿ ಆಗಲೇ ಭಟ್ಕಳದ ಹಾಲ್‌ನಲ್ಲಿ ಊಟ ಮುಗಿಸಿತ್ತು. ಅವಳು ತನ್ನ ಬಲಗೈಯನ್ನು ನೋಡಿದಳು. ಸೆರಗಿನ ತುದಿ ಮತ್ತೆ ಅದೇ ಮುಷ್ಟಿಯಲ್ಲಿತ್ತು, ಬೆವರಿಗೆ ಒದ್ದೆಯಾಗಿ, ಮುದುಡಿ. ಯಾವಾಗ ಎತ್ತಿದ್ದು, ಯಾವಾಗ ಇಳಿಸಿದ್ದು, ಒಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಎಷ್ಟು ಸಲ ಎತ್ತಿದ್ದೋ, ಅದೂ ಗೊತ್ತಿರಲಿಲ್ಲ. ಬೆರಳುಗಳನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಪ್ರಣಿತಾ ಗುಳ್ಳೆ ಎಳೆದಳು. ಕಡ್ಡಿ ಹೆಂಗಸಿನ ಬಾಯಿಗೆ ಅಲ್ಲ, ಒಂದು ಮೀನಿನ ಬಾಯಿಗೆ. ಒಳಗೆ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದಳು. "ಇದನ್ನ ಕ್ಲಾಸಲ್ಲಿ ಹಾಕ್ತ್ರಾ?" ಎಂದು ಕೇಳಿದಳು. ಕಣ್ಣು ಮೊದಲ ಸಲ ಸುಚಿತಾಳ ಕಣ್ಣಿಗೆ ಬಂದಿತ್ತು. ಅದರಲ್ಲಿ ಅಳು ಇರಲಿಲ್ಲ, ಕ್ಷಮೆಯೂ ಇರಲಿಲ್ಲ, ತೂಕದ ತಟ್ಟೆ ಯಾವ ಕಡೆ ಇಳಿಯುತ್ತದೆ ಎಂದು ನೋಡುವವರ ನೋಟ. "ಇದು ಟೀಚರ್ ಅಂತ ಎಲ್ಲರಿಗೂ ಹೇಳಿ ಹಾಕ್ಬೇಕು. ಸುಮ್ನೆ ಅಂಟ್ಸೂದಲ್ಲ."

"ನಗ್ತಾರೆ," ಎಂದಳು ಸುಚಿತಾ. ಹೇಳಿದ ಮೇಲೆ ಆ ಮಾತು ಯಾರ ಎದುರು ಹೇಳಿದ್ದು ಎಂದು ತಿಳಿದು ಮುಖ ಬಿಸಿಯಾಯಿತು.

"ಹೌದು. ನಗ್ತ್ರು."

ಲಕ್ಕಿಯ ಕತ್ತಿ ನಿಂತಿತ್ತು. ಬಲೆಯ ಮೇಲೆ ಎರಡು ಕಾಗೆ ಬಂದು ಕೂತವು, ಯಾರೂ ಓಡಿಸಲಿಲ್ಲ.

"ಹಾಕ್ತೆ," ಎಂದಳು ಸುಚಿತಾ. ಶಾಲೆಯಲ್ಲಿ ಆಡುವ ಕನ್ನಡವಲ್ಲ, ಬಾಡದ ಮನೆಯದು. "ನಾಳೆ ಎರಡನೇ ಪಿರಿಯಡ್ಡು."

"ಹಾಂಗಾದ್ರೆ ಬತ್ತೆ. ನೀವು ಹೇಳೂದನ್ನ ನೋಡೂಕೆ." ಪ್ರಣಿತಾ ಎದ್ದು ಕೋಲು ಬೀಸುತ್ತ ಕಾಗೆಗಳ ಕಡೆ ಹೋದಳು.

ಸುಚಿತಾ ಕಲ್ಲು ತೆಗೆದು ಚಾರ್ಟು ಸುತ್ತಲು ಬಗ್ಗಿದಳು. "ಶಾಯಿ ಹಸಿ ಅದೆ," ಎಂದಳು ಲಕ್ಕಿ, ಹಿಂದಿನಿಂದ, ಕತ್ತಿಯನ್ನು ಮತ್ತೆ ಮೀನಿಗೆ ಇಡುತ್ತ. "ಈಗ ಸುತ್ತಿರೆ ಅಳಿಸಿ ಹೋತದೆ. ಒಣಗೂವರೆಗೆ ಕೂತ್ಕೋ."